ಹಿತ್ತಲ ದಾಸವಾಳ

ಅಜ್ಜಿಯ ಪೂಜೆಗೆ ದಿನಾ ಹೂವು ಬೇಕು. ದಾಸವಾಳ ಅರಳಿದರೆ ಒಂದೇ ದಿನ. ಅದಕ್ಕೇ ಕಳೆದ ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ನಾಲ್ಕು ಬಲಿತ ಕಡ್ಡಿ ತಂದು, ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ನೆಟ್ಟೆ. ಎರಡು ಚಿಗುರಿದವು. ಇನ್ನೆರಡು ನೀರು ನಿಂತು ಕೊಳೆತವು. ತಪ್ಪು ನನ್ನದೇ, ಬಚ್ಚಲ ನೀರನ್ನು ಅಲ್ಲಿಗೇ ಬಿಟ್ಟಿದ್ದೆ.

ಬೇಸಿಗೆಯಲ್ಲಿ ಚಿಗುರು ಮುದುಡಿ, ಬಿಳಿ ಹಿಟ್ಟು ಮೆತ್ತಿದ ಹಾಗಾಯಿತು. “ದೃಷ್ಟಿ ತಾಕೈತೆ, ಕಿತ್ತು ಬಿಸಾಕು” ಅಂದಳು ಅಜ್ಜಿ. ನನಗೆ ಮನಸ್ಸು ಬರಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. “ಹಿಟ್ಟುತಿಗಣೆ ಕಣೋ, ಇರುವೆ ಸಾಲು ನೋಡು” ಅಂದರು. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಆ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ನಾವು ದನ ಕಾಯೋ ಹಾಗೆ!

ರೋಗದ ರೆಂಬೆ ಕತ್ತರಿಸಿ ಸುಟ್ಟೆ. ತೆಳು ಸೋಪಿನ ನೀರನ್ನು ವಾರಕ್ಕೊಮ್ಮೆ ಎಲೆಯ ಅಡಿಗೂ ಚಿಮುಕಿಸಿದೆ. ಕತ್ತರಿಸಿದ ಕಡೆಯೇ ಹೊಸ ಚಿಗುರು ಬಂತು. ಮೊಗ್ಗು ಬರೋದೂ ಹೊಸ ಚಿಗುರಲ್ಲೇ. ಈಗ ದಿನಾ ಐದಾರು ಹೂವು. ಕಡ್ಡಿ ಬೇಕಾದವರು ಮಳೆ ಹಿಡಿದ ಮೇಲೆ ಕೇಳಿ, ಕೊಡ್ತೀನಿ.