ಪರದೇಶದಲ್ಲಿ ಕೇರಿ ಹುಡುಕುವಾಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಶಾಲೆಯ ಹಳೆಯ ನೆನಪುಗಳನ್ನೇ ಬರೆಯೋಣವೆಂದು ಕುಳಿತೆ. ಆದರೆ ಕಳೆದ ಸಲ ಊರಿಗೆ ಬಂದಿದ್ದಾಗ, ನಮ್ಮ ಶಾಲೆಯಲ್ಲೇ ಓದಿ ಈಗ ಹೆಂಡತಿ ಮಕ್ಕಳೊಡನೆ ಹೊರದೇಶಕ್ಕೆ ಹೊರಟು ನಿಂತಿದ್ದ ಮೂವರು ತರುಣರು ಕೇಳಿದ ಪ್ರಶ್ನೆಯೊಂದು ಮನಸ್ಸಿನಲ್ಲಿ ಉಳಿದಿದೆ. "ಅಣ್ಣಾ, ಅಲ್ಲಿ ಯಾವ ಕಡೆ ಮನೆ ಹಿಡೀಬೇಕು?" ಸಂಬಳದ ವಿಷಯ ಅವರಿಗೆ ತಿಳಿದಿತ್ತು, ವೀಸಾದ ವಿಷಯ ನನಗಿಂತ ಚೆನ್ನಾಗಿ ತಿಳಿದಿತ್ತು. ನೆರೆಹೊರೆಯ ವಿಷಯವನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಬಸ್ಸಿನ ಹೊತ್ತಾಗಿದ್ದರಿಂದ ಅರ್ಧ ಉತ್ತರ ಹೇಳಿ ಹೊರಟೆ. ಉಳಿದರ್ಧ ಇಲ್ಲಿದೆ.

ವಾಸದ ಸ್ಥಳ ಮಗುವಿನ ಭಾಷೆಯನ್ನು ನಿರ್ಣಯಿಸುತ್ತದೆ ಎಂಬ ಮಾತನ್ನು ಭೈರವಾನಿತಿಪ್ಪದ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಕರ್ನಾಟಕದಿಂದ ವೇದಾವತಿಯಾಗಿ ಬರುವ ಹೊಳೆ ನಮ್ಮಲ್ಲಿ ಹಗರಿಯಾಗಿ ಅಣೆಕಟ್ಟೆಯ ಹಿಂದೆ ನಿಲ್ಲುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಮಡಕಶಿರ ಮೊದಲಿನಿಂದಲೂ, 2022ರವರೆಗೆ, ಅನಂತಪುರ ಜಿಲ್ಲೆಯದೇ ಆಗಿತ್ತು. ನಮ್ಮ ಹಿರಿಯರು ಮನೆ ಬದಲಿಸಲಿಲ್ಲ, ಮನೆಯ ಸುತ್ತಲಿನ ರಾಜ್ಯ ಬದಲಾಯಿತು.

ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗಾಗಿ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನವು 1949ರ ಆಗಸ್ಟ್‌ನಲ್ಲಿ ಒಂದು ಸೂತ್ರವನ್ನು ಒಪ್ಪಿತ್ತು: ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. ನಾವು ಚಿಕ್ಕವರಿದ್ದಾಗ ಮಳೆ ತಪ್ಪಿ ಕಡಲೆಕಾಯಿ ಬೆಳೆ ಒಣಗಿದ ವರ್ಷ ಎರಡು ಮನೆಯವರು ಗುಳೆ ಹೋದರೆ ಮೇಷ್ಟ್ರು ಹಾಜರಿ ಪುಸ್ತಕವನ್ನು ಎರಡೆರಡು ಸಲ ನೋಡುತ್ತಿದ್ದುದರ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ. ಒಂದು ಕುಟುಂಬ ಎಲ್ಲಿ ವಾಸಿಸುತ್ತದೆ ಎಂಬುದು ಆ ಕುಟುಂಬದ ಸ್ವಂತ ವಿಷಯ ಮಾತ್ರವಾಗಿರಲಿಲ್ಲ.

ಇಷ್ಟೆಲ್ಲ ನೋಡಿ ಬೆಳೆದವನಾದರೂ 2001ರಲ್ಲಿ ಅಮೆರಿಕದ ನ್ಯೂಜೆರ್ಸಿಗೆ ಹೋದಾಗ ನಾನು ಮನೆಯನ್ನು ನೋಡಿದೆ, ನೆರೆಯನ್ನು ನೋಡಲಿಲ್ಲ. ಕಚೇರಿಗೆ ಹತ್ತಿರ, ಬಾಡಿಗೆ ಕಡಿಮೆ, ಎರಡು ಮಲಗುವ ಕೋಣೆ, ಹಿಂದೆ ಹುಲ್ಲಿನ ಅಂಗಳ. ಹೆದ್ದಾರಿಯ ಪಕ್ಕದ ಆ ಬಡಾವಣೆಯಲ್ಲಿ ನಡೆಯಲು ಕಾಲುದಾರಿಯೇ ಇರಲಿಲ್ಲ. ನನ್ನ ಪತ್ನಿಗೆ ಕಾರು ಓಡಿಸಲು ಬಾರದು. ನನ್ನನ್ನು ಅವಲಂಬಿಸಿ ಬಂದವರ ಎಚ್-4 ವೀಸಾದಲ್ಲಿ ದುಡಿಯುವ ಅನುಮತಿ ಆಗ ಇರಲಿಲ್ಲ; 2015ರಿಂದ ಕೆಲವರಿಗೆ ಮಾತ್ರ ದೊರೆಯಿತು. ಬೆಳಿಗ್ಗೆ ಎಂಟಕ್ಕೆ ನಾನು ಹೊರಟರೆ ಸಂಜೆ ಏಳರವರೆಗೆ ಆಕೆಯೊಡನೆ ಮಾತನಾಡುತ್ತಿದ್ದುದು ಐದು ವರ್ಷದ ಮಗಳೊಬ್ಬಳೇ. ಆ ಚಳಿಗಾಲದಲ್ಲಿ ಆಕೆ ಒಂದು ದಿನ, "ಊರಲ್ಲಿ ನೀರಿಗೆ ಹೋದರೂ ನಾಲ್ಕು ಜನ ಸಿಗ್ತಿದ್ರು" ಎಂದಳು. ದೂರಿನ ಧ್ವನಿಯೇ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಅದೇ ವರ್ಷ ಶಾಲೆಗೆ ಸೇರಿಸುವಾಗ ಇನ್ನೊಂದು ತಪ್ಪು ಮಾಡಿದೆ. ಅಲ್ಲಿ ಸೇರ್ಪಡೆಯ ಹೊತ್ತಿಗೆ, ಮನೆಯಲ್ಲಿ ಆಡುವ ಭಾಷೆ ಯಾವುದೆಂಬ ನಮೂನೆಯೊಂದನ್ನು ತುಂಬಬೇಕು. ಕನ್ನಡವೆಂದು ಬರೆದರೆ ಮಗುವಿನ ಇಂಗ್ಲಿಷನ್ನು ಪರೀಕ್ಷಿಸುತ್ತಾರೆ, ಹಿಂದಿನ ಬೆಂಚಿಗೆ ತಳ್ಳುತ್ತಾರೆ ಎಂದು ಯಾರೋ ಹೆದರಿಸಿದ್ದರು. ನಾನು ಇಂಗ್ಲಿಷ್ ಎಂದು ಬರೆದೆ. ಪರೀಕ್ಷೆ ನಡೆಸುವುದು ನಿಜ; ಆದರೆ ಅದು ಬೇಕಾದ ಮಗುವಿಗೆ ಇಂಗ್ಲಿಷಿನಲ್ಲಿ ಹೆಚ್ಚಿನ ಸಹಾಯ ಕೊಡುವುದಕ್ಕಾಗಿ. ನನ್ನ ಒಂದು ಪದದಿಂದ ಮಗಳಿಗೆ ಆ ಸಹಾಯ ತಪ್ಪಿತು. ಮಾತೃಭಾಷೆಯ ಲೆಕ್ಕ ಉಳಿದರೆ ಮಾತ್ರ ಶಿಕ್ಷಕರು ಉಳಿಯುವ ಶಾಲೆಯಲ್ಲಿ ಓದಿದವನು ಹೀಗೆ ಮಾಡಿದೆನೆಂದು ಇಲ್ಲಿ ಬರೆಯಲು ಈಗಲೂ ಸಂಕೋಚವಾಗುತ್ತದೆ.

ಎರಡನೆಯ ಸಲ ಮನೆ ಹುಡುಕುವ ಮೊದಲು ಅಲ್ಲಿಯ ವ್ಯವಸ್ಥೆಯನ್ನು ಓದಿಕೊಂಡೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಸರ್ಕಾರಿ ಶಾಲೆಯನ್ನು ಗೊತ್ತುಮಾಡುತ್ತದೆ. ಒಂದೇ ಪಟ್ಟಣದಲ್ಲಿ ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು ಇರಬಹುದು. ಹನ್ನೆರಡನೆಯ ತರಗತಿಯವರೆಗೆ ಶುಲ್ಕವಿಲ್ಲ. ಬಾಡಿಗೆದಾರನ ಮಗುವಿಗೂ ಮಾಲೀಕನ ಮಗುವಿಗೂ ಹಕ್ಕು ಒಂದೇ. ಮನೆಗಳ ಮೇಲಿನ ತೆರಿಗೆಯಲ್ಲಿ ಅರ್ಧದಷ್ಟು ಶಾಲೆಗಳಿಗೇ ಹೋಗುವುದರಿಂದ ಹೆಸರಾದ ಶಾಲೆಯ ಸುತ್ತ ಬಾಡಿಗೆ ಏರಿರುತ್ತದೆ. ಶಾಲೆಗಳಿಗೆ ಕೊಡುವ ಅಂಕಗಳ ಪಟ್ಟಿಯನ್ನು ಎಲ್ಲರೂ ಹಿಡಿದುಕೊಂಡು ತಿರುಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಅಂಕಗಳು ಮೇಷ್ಟ್ರ ಪಾಠಕ್ಕಿಂತ ತಂದೆತಾಯಿಗಳ ಆದಾಯವನ್ನೇ ಹೆಚ್ಚು ತೋರಿಸುತ್ತವೆ. ನ್ಯೂಜೆರ್ಸಿಯಲ್ಲಿ ಎಂಟನೆಯ ತರಗತಿಯವರೆಗಿನ ಮಗುವಿನ ಮನೆ ಶಾಲೆಯಿಂದ 2 ಮೈಲಿಗಿಂತ ದೂರವಿದ್ದರೆ ಮಾತ್ರ ಬಸ್ಸು ಕೊಡುವುದು ಕಡ್ಡಾಯ. ಒಂದೂವರೆ ಮೈಲಿಯೊಳಗಿನ ಮನೆ ಹತ್ತಿರವೆಂದು ಹಿಗ್ಗಿದವರು ಜನವರಿಯ ಹಿಮದಲ್ಲಿ ಆ ಲೆಕ್ಕವನ್ನು ಮತ್ತೆ ಮಾಡುತ್ತಾರೆ. ಮುಂಗಡ ಠೇವಣಿ ಅಲ್ಲಿ ಒಂದೂವರೆ ತಿಂಗಳ ಬಾಡಿಗೆಯನ್ನು ಮೀರಕೂಡದೆಂಬ ಕಾನೂನಿದೆ; ಹೊಸಬರಿಗೆ ಇದು ತಿಳಿದಿರಲಿ.

ಮನೆ ತೋರಿಸುವ ದಲ್ಲಾಳಿಯನ್ನು "ಇಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ?" ಎಂದು ಕೇಳಿದೆ. ಆತ ನಕ್ಕು ಮಾತು ತಿರುಗಿಸಿದ. ಜನಾಂಗ, ಧರ್ಮ, ಮೂಲದೇಶಗಳನ್ನು ನೋಡಿ ಗಿರಾಕಿಯನ್ನು ಒಂದು ಬೀದಿಗೆ ಒಯ್ಯುವುದನ್ನು ಅಲ್ಲಿಯ 1968ರ ವಸತಿ ಕಾನೂನು ನಿಷೇಧಿಸುತ್ತದೆಂದು ಆಮೇಲೆ ತಿಳಿಯಿತು. ಕರಿಯರನ್ನು ಬಿಳಿಯರ ಬೀದಿಗಳಿಂದ ಹೊರಗಿಟ್ಟ ಅನ್ಯಾಯಕ್ಕೆ ತಡೆಯಾಗಿ ಬಂದ ಕಾನೂನು ಅದು. ಗೌರವಿಸತಕ್ಕದ್ದೇ. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ನಾವೇ ನಡೆದು ಕಂಡುಕೊಳ್ಳಬೇಕು. ಸಂಜೆ ಐದರ ಹೊತ್ತಿಗೆ ಆ ಬೀದಿಯಲ್ಲಿ ಮಗುವಿನ ಕೈ ಹಿಡಿದು ಒಂದು ಸುತ್ತು ಹಾಕಿ. ಯಾರು ಹೊರಗೆ ಬಂದಿದ್ದಾರೆ, ಯಾವ ಭಾಷೆಗಳು ಕಿವಿಗೆ ಬೀಳುತ್ತವೆ, ಗ್ರಂಥಾಲಯಕ್ಕೂ ದಿನಸಿ ಅಂಗಡಿಗೂ ಕಾರಿಲ್ಲದೆ ಹೋಗಬಹುದೇ ಎಂದು ನೋಡಿ.

ಹಾಗೆ ನಡೆದು ನಾವು ಹಿಡಿದದ್ದು ಎಡಿಸನ್ ಪಟ್ಟಣದ ಒಂದು ಹಳೆಯ ಅಪಾರ್ಟ್‌ಮೆಂಟು. (ಥಾಮಸ್ ಎಡಿಸನ್ನರ ಪ್ರಯೋಗಶಾಲೆ ಇದ್ದ ಊರು, ಅವರ ಹೆಸರನ್ನು ಇಟ್ಟುಕೊಂಡದ್ದು 1954ರಲ್ಲಿ. ನಮ್ಮ ರಾಯದುರ್ಗ ರಾಜ್ಯ ಬದಲಿಸಿದ ಮರುವರ್ಷ.) ಒಂದೇ ಮಲಗುವ ಕೋಣೆ, ಬಾಡಿಗೆ ಮೊದಲಿಗಿಂತ ಹೆಚ್ಚು. ಆದರೆ ಓಕ್ ಟ್ರೀ ರಸ್ತೆಯ ಭಾರತೀಯ ಅಂಗಡಿಗಳ ಸಾಲು ಹತ್ತಿರ; ಸಂಜೆಯಾದರೆ ಕಟ್ಟಡಗಳ ನಡುವಿನ ದಾರಿಯಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ ಅಜ್ಜಿಯರ ಸಾಲು. ಗುಜರಾತಿ, ತೆಲುಗು, ತಮಿಳು, ನಡುವೆ ಕನ್ನಡ. ಮಕ್ಕಳನ್ನು ನೋಡಲು ಬರುವ ತಂದೆತಾಯಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಅನುಮತಿ. ಒಬ್ಬ ಅಜ್ಜಿ ಹೊರಡುವ ಹೊತ್ತಿಗೆ ಇನ್ನೊಬ್ಬರು ಬಂದಿರುತ್ತಿದ್ದರು.

ನಾನು ಕಲಿತ ಮುಖ್ಯ ಸಂಗತಿ ಇಲ್ಲಿದೆ. ತಂದೆತಾಯಿಗಳು ಮಾತ್ರ ಆಡುವ ಭಾಷೆ ಮಗುವಿಗೆ ಬೇಗ ಗದರಿಕೆಯ ಭಾಷೆಯಾಗುತ್ತದೆ: ಏಳು, ಉಣ್ಣು, ಓದು, ಮಲಗು. ಆ ಭಾಷೆಯಲ್ಲಿ ಕಥೆ ಹೇಳುವ, ಜಗಳವಾಡುವ, ಗುಟ್ಟು ಕೇಳುವ ಮೂರನೆಯ ಬಾಯೊಂದು ಬೇಕು. ಊರಿನಲ್ಲಿ ಅದು ಎಷ್ಟು ಧಾರಾಳವಾಗಿತ್ತೆಂದರೆ ಅದೊಂದು ಅಗತ್ಯವೆಂದು ನಮಗೆ ತೋರಿರಲಿಲ್ಲ. ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಎರಡೂ. ವಾರಕ್ಕೊಂದು ದಿನದ ಕನ್ನಡ ತರಗತಿ ಅಕ್ಷರ ಕಲಿಸೀತು. ಮಾತು ಕಲಿಸುವುದು ನೆರೆಮನೆ.

ಹಾಗೆಂದು ನಮ್ಮವರೇ ತುಂಬಿದ ಕೇರಿಯಲ್ಲಿ ಕದ ಹಾಕಿಕೊಂಡು ಕೂರಿರೆಂದು ನಾನು ಹೇಳುತ್ತಿಲ್ಲ. ಅಂಥಲ್ಲಿ ಮಕ್ಕಳ ಅಂಕ, ಮನೆಯ ಬೆಲೆ, ಮದುವೆಯ ಖರ್ಚುಗಳ ಹೋಲಿಕೆಯೂ ಊರಿಗಿಂತ ಒಂದು ಕೈ ಮೇಲೆ. ಮಗಳ ಆಪ್ತ ಗೆಳತಿ ಪೋಲೆಂಡ್ ಮೂಲದ ಕುಟುಂಬದವಳು; ಅವಳ ಮನೆಯಲ್ಲೂ ಒಬ್ಬ ಅಜ್ಜಿ ಇದ್ದರೆಂಬುದು ಸ್ನೇಹಕ್ಕೆ ಕಾರಣವಾಯಿತೆಂದು ನನ್ನ ಊಹೆ.

ಆ ಮೂವರಲ್ಲಿ ಒಬ್ಬನು ಸಿಂಗಪುರಕ್ಕೆ ಹೊರಟಿದ್ದಾನೆ. ಅಲ್ಲಿಯ ಲೆಕ್ಕ ಬೇರೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಹೆಚ್ಚಾಗಿ ಸ್ಥಳ ಸಾಲದಾದಾಗ 1 ಕಿಲೋಮೀಟರಿನೊಳಗಿನ ಮನೆಗೆ ಆದ್ಯತೆಯಿದೆ. ಆದರೆ ಪೌರರು ಮತ್ತು ಕಾಯಂ ನಿವಾಸಿಗಳ ಸರದಿ ಮುಗಿದ ಮೇಲೆಯೇ ಪರದೇಶೀಯರದು. ಮಾತೃಭಾಷೆಯ ಪಾಠಕ್ಕೆ ತಮಿಳು ಇದೆ. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡವಿಲ್ಲ. ಅಲ್ಲಿ ನೆರೆಮನೆಯ ಹೊರೆ ಇನ್ನೂ ದೊಡ್ಡದು. ಮೊದಲು ಕೆಲವೇ ತಿಂಗಳ ಕರಾರಿನ ಮನೆ ಹಿಡಿದು, ನಾಲ್ಕಾರು ಸಂಜೆ ನಡೆದಾಡಿ, ಪತ್ನಿಯ ಒಪ್ಪಿಗೆ ಪಡೆದು ಆಮೇಲೆ ವರ್ಷದ ಕರಾರಿಗೆ ಸಹಿ ಹಾಕೆಂದು ಅವನಿಗೆ ಬರೆದಿದ್ದೇನೆ.

ಎಡಿಸನ್ನಿಗೆ ಬಂದು ಒಂದು ವರ್ಷವಾಗಿತ್ತು. ಕೆಳಮನೆಗೆ ಧಾರವಾಡದ ಕಡೆಯ ಅಜ್ಜಿಯೊಬ್ಬರು ಎರಡು ಸಲ ಬಂದು ಹೋಗಿದ್ದರು. ಒಂದು ಭಾನುವಾರ ಊರಿಗೆ ಫೋನು ಮಾಡಿ ಮಗಳ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ತಾಯಿ ನನ್ನನ್ನು ಕರೆದು ಕೇಳಿದರು: "ಏನೋ ಇದು, ನಿನ್ನ ಮಗಳು ಮಾತಿಗೊಂದು ಸಲ 'ಹೌದ್ರೀ' ಅಂತಾಳೆ? ನಮ್ಮ ಸೀಮೇಲಿ ಯಾರು ಹಂಗೆ ಅಂತಾರೆ?"