ಬಾಡಿಗೆ ಮನೆ: ನೋಡಿ, ಕೇಳಿ, ಲೆಕ್ಕ ಹಾಕಿ

ಮನೆ ಬದಲಾಯಿಸುವುದು ಸಣ್ಣ ಕೆಲಸ ಅಲ್ಲ. ಅಡ್ವಾನ್ಸ್ ಕೊಡಬೇಕು. ಸಾಮಾನು ಸಾಗಿಸಬೇಕು. ಮಕ್ಕಳ ಶಾಲೆ ಬದಲಾಗುತ್ತದೆ. ಒಮ್ಮೆ ಹೋದ ಮೇಲೆ "ಇಲ್ಲಿ ನೀರಿಲ್ಲ", "ಕೆಲಸಕ್ಕೆ ದೂರ ಆಯ್ತು" ಅಂದರೆ ಏನು ಬಂತು? ಹೋಗುವ ಮುಂಚೆಯೇ ಯೋಚನೆ ಮಾಡಬೇಕು.

ಈ ಪಾಠದಲ್ಲಿ ನಾವು ಬೆಂಗಳೂರಿನ ಪಶ್ಚಿಮದ ನಾಲ್ಕು ಕಡೆ ನೋಡೋಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ. ನಿಮ್ಮ ಊರು ಬೇರೆ ಇರಬಹುದು. ಆದರೂ ನೋಡುವ ರೀತಿ ಒಂದೇ.

ಒಂದು ಕುಟುಂಬ ಇದೆ ಅಂತ ಇಟ್ಟುಕೊಳ್ಳೋಣ. ಅವರು ಮಾಗಡಿ ಕಡೆಯವರು. ಗಂಡನಿಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಹೆಂಡತಿಗೆ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಇಬ್ಬರು ಮಕ್ಕಳು. ದೊಡ್ಡವಳು ಐದನೇ ತರಗತಿ. ಚಿಕ್ಕವನು ಅಂಗನವಾಡಿಗೆ ಹೋಗುತ್ತಾನೆ. ಇವರಿಗೆ ಯಾವ ಕಡೆ ಮನೆ ಅನುಕೂಲ?

ನಾಲ್ಕು ಬಡಾವಣೆಗಳು

ರಾಜಾಜಿನಗರ: ಇದು ಹಳೆಯ ಬಡಾವಣೆ. ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಅವರನ್ನು ಜನ ರಾಜಾಜಿ ಅಂತ ಕರೆಯುತ್ತಿದ್ದರು. ಇಲ್ಲಿ ಶಾಲೆ, ಅಂಗಡಿ, ಬ್ಯಾಂಕು ಎಲ್ಲ ಹತ್ತಿರ. ಕಾರ್ಮಿಕರ ಇಎಸ್ಐ ಆಸ್ಪತ್ರೆ ಇದೆ. ಹಸಿರು ಮೆಟ್ರೋ ಈ ಕಡೆಯಿಂದ ಪೀಣ್ಯಕ್ಕೆ ನೇರವಾಗಿ ಹೋಗುತ್ತದೆ. ಈ ಮೆಟ್ರೋ ಶುರುವಾದದ್ದು 2014ರಲ್ಲಿ. ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲ. ಆದರೆ ಅನುಕೂಲ ಹೆಚ್ಚಾದ ಕಡೆ ಬಾಡಿಗೆಯೂ ಹೆಚ್ಚು. ಇನ್ನೊಂದು ಮಾತು. ರಾಜಾಜಿನಗರದಲ್ಲಿ ಹಲವು ಬ್ಲಾಕುಗಳಿವೆ. ಒಂದು ಬ್ಲಾಕಿಗೆ ಮೆಟ್ರೋ ಹತ್ತಿರ. ಇನ್ನೊಂದಕ್ಕೆ ದೂರ. "ರಾಜಾಜಿನಗರದಲ್ಲಿ ಮನೆ" ಅಂದರೆ ಸಾಲದು. ಯಾವ ಬ್ಲಾಕು ಅಂತ ಕೇಳಬೇಕು.

ವಿಜಯನಗರ: ಇಲ್ಲಿಗೆ ನೇರಳೆ ಮೆಟ್ರೋ 2015ರಲ್ಲಿ ಬಂತು. ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ನಿಲ್ದಾಣಗಳಿವೆ. ಮೆಜೆಸ್ಟಿಕ್‌ಗೂ ಮೈಸೂರು ರಸ್ತೆಗೂ ಇದೇ ಮೆಟ್ರೋದಲ್ಲಿ ಹೋಗಬಹುದು. ಪೀಣ್ಯಕ್ಕೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮೆಟ್ರೋ ಹತ್ತಬೇಕು. ಕಾರ್ಡ್ ರಸ್ತೆಯ ಮೇಲೆ ಬಸ್ಸೂ ಇದೆ. ತರಕಾರಿ ಮಾರುಕಟ್ಟೆ ಇದೆ. ಹಂಪಿನಗರದಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯ ಇದೆ. ಮುಖ್ಯ ರಸ್ತೆಯ ಹತ್ತಿರ ಬಾಡಿಗೆ ಜಾಸ್ತಿ. ಒಳಗಿನ ಗಲ್ಲಿಗಳಲ್ಲಿ ಕಡಿಮೆ. ಆದರೆ ಕೆಲವು ಗಲ್ಲಿಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಗಾಳಿ ಬೆಳಕು ಸಾಲದು. ಹಗಲಲ್ಲೂ ದೀಪ ಹಾಕಬೇಕಾದ ಮನೆಯಾದರೆ ಯೋಚಿಸಿ.

ಬಸವೇಶ್ವರನಗರ: ಇದು ಕಾರ್ಡ್ ರಸ್ತೆಯ ಪಶ್ಚಿಮಕ್ಕಿದೆ. ಒಂದು ಪಕ್ಕ ಮಾಗಡಿ ರಸ್ತೆ. ಪಕ್ಕದ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳಿವೆ. ಮಾಗಡಿ ಕಡೆಯವರಿಗೆ ಊರಿಗೆ ಹೋಗಿ ಬರಲು ಸುಲಭ. ಇಲ್ಲಿ ಬಡಾವಣೆಯ ಒಳಗೆ ಮೆಟ್ರೋ ಇಲ್ಲ. ಬಸ್ಸನ್ನೇ ನಂಬಬೇಕು. ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಡಬಗೆರೆವರೆಗೆ ಮೆಟ್ರೋ ಮಾಡಲು ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. "ಮೆಟ್ರೋ ಬರತ್ತೆ, ಅದಕ್ಕೇ ಬಾಡಿಗೆ ಜಾಸ್ತಿ" ಅಂತ ಯಾರಾದರೂ ಹೇಳಬಹುದು. ಒಪ್ಪಿಗೆ ಸಿಕ್ಕಿದ್ದು ಬೇರೆ, ರೈಲು ಓಡುವುದು ಬೇರೆ. ನಾಳೆ ಬರುವ ರೈಲಿಗೆ ಇವತ್ತು ಯಾಕೆ ಬಾಡಿಗೆ ಕೊಡಬೇಕು?

ಕೆಂಗೇರಿ: ಇದು ಹಿಂದೆ ಬೇರೆಯೇ ಊರಾಗಿತ್ತು. ತನ್ನದೇ ಪುರಸಭೆ ಇತ್ತು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಬಂತು. ರೈಲು ನಿಲ್ದಾಣ ಇದೆ. ರಾಮನಗರ, ಮಂಡ್ಯ, ಮೈಸೂರಿಗೆ ಹೋಗುವವರಿಗೆ ಅನುಕೂಲ. ದೊಡ್ಡ ಬಸ್ ನಿಲ್ದಾಣವೂ ಇದೆ. ಉಳಿದ ಮೂರು ಕಡೆಗಿಂತ ಇಲ್ಲಿ ಸಾಮಾನ್ಯವಾಗಿ ಬಾಡಿಗೆ ಕಡಿಮೆ. ಮನೆಯೂ ಸ್ವಲ್ಪ ದೊಡ್ಡದು ಸಿಗುತ್ತದೆ. ಆದರೆ ಪೀಣ್ಯ ದೂರ. ವೃಷಭಾವತಿ ಈ ಕಡೆ ಹರಿಯುತ್ತದೆ. ಈಗ ಅದರಲ್ಲಿ ಊರಿನ ಕೊಳಚೆ ನೀರು ತುಂಬಿದೆ. ಅದರ ಪಕ್ಕದ ತಗ್ಗಿನ ಮನೆಗೆ ವಾಸನೆ, ಸೊಳ್ಳೆ. ಮಳೆ ಬಂದಾಗ ನೀರು ನುಗ್ಗುವ ಭಯ.

ನೀರು ಮೊದಲು

ಮನೆ ನೋಡುವಾಗ ಗೋಡೆಯ ಬಣ್ಣ ನೋಡುತ್ತೇವೆ. ನಲ್ಲಿ ತಿರುಗಿಸಿ ನೋಡುವುದಿಲ್ಲ. 2024ರ ಬೇಸಿಗೆ ನೆನಪಿದೆಯಾ? ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. ಟ್ಯಾಂಕರ್ ನೀರಿಗೆ ಜನ ಪರದಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಊರಂಚಿನ 110 ಹಳ್ಳಿಗಳಿಗೆ ನೀರು ಕೊಡಲು ಮಾಡಿದ ಯೋಜನೆ ಅದು. ಆದರೂ ಎಲ್ಲ ಬೀದಿಗೂ, ಎಲ್ಲ ಮನೆಗೂ ಒಂದೇ ರೀತಿ ನೀರು ಬರುವುದಿಲ್ಲ. ಅದಕ್ಕೇ ಹೀಗೆ ಕೇಳಿ:

1. ಕಾವೇರಿ ನೀರು ಇದೆಯಾ? ವಾರಕ್ಕೆ ಎಷ್ಟು ದಿನ? ಎಷ್ಟು ಹೊತ್ತಿಗೆ?
2. ಸಂಪು ಇದೆಯಾ? ಎಷ್ಟು ಮನೆಗೆ ಒಂದು ಸಂಪು?
3. ಬೋರ್‌ವೆಲ್ ಇದೆಯಾ? ಹೋದ ಬೇಸಿಗೆಯಲ್ಲಿ ನೀರು ಇತ್ತಾ?
4. ಟ್ಯಾಂಕರ್ ತರಿಸಿದರೆ ದುಡ್ಡು ಯಾರು ಕೊಡುತ್ತಾರೆ?

ಓನರ್ "ನೀರಿಗೇನೂ ತೊಂದರೆ ಇಲ್ಲ" ಅನ್ನಬಹುದು. ಪಕ್ಕದ ಮನೆಯ ಅಕ್ಕನನ್ನೂ ಒಂದು ಮಾತು ಕೇಳಿ. ನೀರು ಹಿಡಿಯುವವರಿಗೆ ನೀರಿನ ಕಷ್ಟ ಗೊತ್ತು.

ಲೆಕ್ಕ ಹಾಕೋಣ

ಈಗ ನಮ್ಮ ಕುಟುಂಬದ ಲೆಕ್ಕ. ಕೆಂಗೇರಿಯಲ್ಲಿ ಒಂದು ಮನೆ ನೋಡಿದ್ದಾರೆ. ವಿಜಯನಗರದ ಒಳಗಲ್ಲಿಯಲ್ಲಿ ಇನ್ನೊಂದು. ಇಲ್ಲಿರುವ ಮೊತ್ತ ಲೆಕ್ಕ ಕಲಿಯಲು ಮಾತ್ರ. ನಿಮ್ಮ ಲೆಕ್ಕದಲ್ಲಿ ನೀವು ಕೇಳಿ ತಿಳಿದ ಮೊತ್ತ ಬರೆಯಿರಿ. ಗಂಡನಿಗೆ ತಿಂಗಳಿಗೆ 25 ದಿನ ಕೆಲಸ ಅಂತ ಇಟ್ಟುಕೊಳ್ಳೋಣ.

ಕೆಂಗೇರಿ ಮನೆ
ಬಾಡಿಗೆ: 8,000 ರೂಪಾಯಿ
ನೀರು: 700 ರೂಪಾಯಿ
ಗಂಡನ ಓಡಾಟ: ದಿನಕ್ಕೆ 100 ರೂಪಾಯಿ, 25 ದಿನಕ್ಕೆ 2,500 ರೂಪಾಯಿ
ಒಟ್ಟು: 11,200 ರೂಪಾಯಿ

ವಿಜಯನಗರ ಮನೆ
ಬಾಡಿಗೆ: 10,500 ರೂಪಾಯಿ
ನೀರು: 200 ರೂಪಾಯಿ
ಗಂಡನ ಓಡಾಟ: ದಿನಕ್ಕೆ 40 ರೂಪಾಯಿ, 25 ದಿನಕ್ಕೆ 1,000 ರೂಪಾಯಿ
ಒಟ್ಟು: 11,700 ರೂಪಾಯಿ

ನೋಡಿದಿರಾ? ಬಾಡಿಗೆಯಲ್ಲಿ ವ್ಯತ್ಯಾಸ 2,500 ರೂಪಾಯಿ. ಒಟ್ಟು ಖರ್ಚಿನಲ್ಲಿ ವ್ಯತ್ಯಾಸ 500 ರೂಪಾಯಿ ಮಾತ್ರ.

ಹೆಂಡತಿಯ ಓಡಾಟಕ್ಕೆ ನಾವು ದುಡ್ಡು ಬರೆದಿಲ್ಲ. ಯಾಕೆ? 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೆ ಮೆಟ್ರೋಗೆ ಟಿಕೆಟ್ ಉಂಟು. ಬಸ್ಸಿಗೆ ದುಡ್ಡಿಲ್ಲದಿದ್ದರೂ ಹೊತ್ತು ಹೋಗುತ್ತದೆ. ಅವಳು ಮನೆಗೆ ಬಂದು ಅಡುಗೆ ಮಾಡಬೇಕು. ಮಕ್ಕಳನ್ನು ನೋಡಬೇಕು. ಅವಳ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಹೊತ್ತಿನ ಲೆಕ್ಕ. ಕೆಂಗೇರಿಯಿಂದ ಗಂಡನಿಗೆ ಹೋಗಿ ಬರಲು ದಿನಕ್ಕೆ 3 ಗಂಟೆ ಆಗುತ್ತದೆ ಅನ್ನೋಣ. ವಿಜಯನಗರದಿಂದ ಒಂದೂವರೆ ಗಂಟೆ. ದಿನಕ್ಕೆ ಒಂದೂವರೆ ಗಂಟೆ ಉಳಿತಾಯ. 25 ದಿನಕ್ಕೆ ಮೂವತ್ತೇಳೂವರೆ ಗಂಟೆ. ಹಾಗಾದರೆ ವಿಜಯನಗರವೇ ವಾಸಿ ಅಲ್ವಾ? ತಡೆಯಿರಿ. ಇನ್ನೊಂದು ಲೆಕ್ಕ ಉಳಿದಿದೆ.

ಅಡ್ವಾನ್ಸ್ ಎಲ್ಲಿಂದ ತರುವುದು?

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಹಿಂದಿನಿಂದ ಇದೆ. ಈಗ ಕೆಲವರು ಕಡಿಮೆಗೂ ಒಪ್ಪುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ಹೊರಡಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಕಾನೂನು ಮಾಡಿದರೆ ಜಾರಿಗೆ ಬರುತ್ತದೆ. ಹಾಗಾಗಿ ಚೌಕಾಸಿ ಮಾಡಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಹತ್ತು ತಿಂಗಳು ಅಂದರೆ ಕೆಂಗೇರಿ ಮನೆಗೆ 80,000 ರೂಪಾಯಿ. ವಿಜಯನಗರ ಮನೆಗೆ 1,05,000 ರೂಪಾಯಿ. ವ್ಯತ್ಯಾಸ 25,000 ರೂಪಾಯಿ. ನಮ್ಮ ಕುಟುಂಬದ ಕೈಯಲ್ಲಿ 80,000 ಮಾತ್ರ ಇದೆ. ಉಳಿದದ್ದನ್ನು ನೂರಕ್ಕೆ 3 ರೂಪಾಯಿ ಬಡ್ಡಿಗೆ ತಂದರೆ ಏನಾಗುತ್ತದೆ? ತಿಂಗಳಿಗೆ 750 ರೂಪಾಯಿ ಬಡ್ಡಿ. ಆಗ ವಿಜಯನಗರದ ಖರ್ಚು 12,450 ರೂಪಾಯಿ. ಕೆಂಗೇರಿಗಿಂತ 1,250 ರೂಪಾಯಿ ಹೆಚ್ಚು.

ಮೂವತ್ತೇಳೂವರೆ ಗಂಟೆಗೆ 1,250 ರೂಪಾಯಿ. ಕೊಡಬಹುದಾ? ಬೇಡವಾ? ಇದಕ್ಕೆ ಒಂದೇ ಉತ್ತರ ಇಲ್ಲ. ಗಂಡ ಆ ಹೊತ್ತಲ್ಲಿ ಓಟಿ ಮಾಡುವುದಾದರೆ ಕೊಡಬಹುದು. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಅಂದರೂ ಕೊಡಬಹುದು. ಸಾಲ ಬೇಡವೇ ಬೇಡ ಅನ್ನುವವರಿಗೆ ಕೆಂಗೇರಿ ಸರಿ. ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹಾಸಿಗೆ ಎಷ್ಟಿದೆ ಅಂತ ಅಳೆಯುವುದೇ ಈ ಲೆಕ್ಕ.

ಕಾಗದ ಓದಿ, ಆಮೇಲೆ ಸಹಿ ಹಾಕಿ

ಅಡ್ವಾನ್ಸ್ ಅಂದರೆ ವರ್ಷಗಟ್ಟಲೆ ಕೂಡಿಟ್ಟ ಹಣ. ಬಾಯಿ ಮಾತಿನ ಮೇಲೆ ಕೊಡಬೇಡಿ. ಸಾಮಾನ್ಯವಾಗಿ 11 ತಿಂಗಳಿಗೆ ಕರಾರು ಪತ್ರ ಮಾಡುತ್ತಾರೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದಕ್ಕೇ 11 ತಿಂಗಳು. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಕನ್ನಡದಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಇವು ಇವೆಯಾ ನೋಡಿ:

1. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರಬೇಕು.
2. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ?
3. ಮನೆ ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ? ಹಲವರು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ.
4. ಉಳಿದ ಅಡ್ವಾನ್ಸ್ ಯಾವಾಗ ವಾಪಸ್ ಕೊಡುತ್ತಾರೆ?
5. ಮನೆ ಬಿಡಲು ಎಷ್ಟು ದಿನ ಮೊದಲೇ ಹೇಳಬೇಕು?

ಹಣ ಬ್ಯಾಂಕ್ ಮೂಲಕ ಕೊಟ್ಟರೆ ಗುರುತು ಉಳಿಯುತ್ತದೆ. ನಗದು ಕೊಟ್ಟರೆ ರಸೀದಿ ಕೇಳಿ.

"ಬಾಡಿಗೆ ಬೇಡ, ಲಕ್ಷಗಟ್ಟಲೆ ಒಟ್ಟಿಗೆ ಕೊಡಿ, ಬಿಡುವಾಗ ವಾಪಸ್" ಅಂತಲೂ ಕೇಳುತ್ತಾರೆ. ಇದನ್ನು ಭೋಗ್ಯ ಅಥವಾ ಲೀಸ್ ಅನ್ನುತ್ತಾರೆ. ಇದರಲ್ಲಿ ಮೋಸ ಹೋದವರು ಇದ್ದಾರೆ. ಹಣ ತೆಗೆದುಕೊಂಡವನು ನಿಜವಾದ ಮಾಲೀಕನಾ? ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ? ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡಿ. ತಿಳಿದವರನ್ನು ಕೇಳಿ. ನೋಂದಣಿ ಇಲ್ಲದೆ ಹಣ ಕೊಡಬೇಡಿ.

ಕರೆಂಟ್, ಶಾಲೆ, ರೇಷನ್

ಮನೆಗೆ ಬೇರೆ ಮೀಟರ್ ಇದೆಯಾ ನೋಡಿ. ಬೆಸ್ಕಾಂ ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಇರುತ್ತದೆ. ಅದನ್ನು ಬರೆದುಕೊಳ್ಳಿ. ಗೃಹಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಅದು ಬಾಡಿಗೆದಾರರಿಗೂ ಸಿಗುತ್ತದೆ. ಹಳೆ ಮನೆಯ ನಂಬರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಮೊದಲು ಅದನ್ನು ಬಿಡಿಸಿ. ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ. ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ತೊಂದರೆ. ಮುಂಚೆಯೇ ಕೇಳಿ.

ವರ್ಷದ ಮಧ್ಯೆ ಮನೆ ಬದಲಾದರೆ ಮಗುವಿನ ಓದು ನಿಲ್ಲಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ವರ್ಗಾವಣೆ ಪತ್ರ ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಎಂಟನೇ ತರಗತಿವರೆಗೆ ಈ ಹಕ್ಕು ಇದೆ. ರೇಷನ್ ಕಾರ್ಡ್ ಹಳೆ ವಿಳಾಸದಲ್ಲೇ ಇದ್ದರೂ ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ತೆಗೆದುಕೊಳ್ಳಬಹುದು.

ಮೂರು ಸಲ ನೋಡಿ

ಮನೆಯನ್ನು ಒಂದೇ ಸಲ ನೋಡಿ ಒಪ್ಪಬೇಡಿ. ಬೆಳಿಗ್ಗೆ ಎಂಟು ಗಂಟೆಗೆ ಹೋಗಿ. ಬಸ್ಸು ಎಷ್ಟು ತುಂಬಿರುತ್ತದೆ ತಿಳಿಯುತ್ತದೆ. ಮಳೆ ಬಂದ ಮಾರನೆ ದಿನ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ ಕಾಣುತ್ತದೆ. ರಾತ್ರಿ ಹೋಗಿ. ಬೀದಿ ದೀಪ ಇದೆಯಾ, ಹೆಣ್ಣುಮಕ್ಕಳು ಧೈರ್ಯವಾಗಿ ನಡೆದು ಬರಬಹುದಾ ಗೊತ್ತಾಗುತ್ತದೆ. ಅಂಗನವಾಡಿ ಟೀಚರನ್ನು, ದಿನಸಿ ಅಂಗಡಿಯವರನ್ನು ಮಾತಾಡಿಸಿ. ಅವರಿಗೆ ಬೀದಿಯ ಕಥೆ ಗೊತ್ತು.

ಬೋರ್ಡ್ ಓದುವುದು, ಬಿಲ್ ಓದುವುದು, ಕರಾರು ಓದುವುದು, ಲೆಕ್ಕ ಬರೆಯುವುದು. ಇವೆಲ್ಲ ಈಗ ನಮಗೆ ಬರುತ್ತದೆ. ಬ್ರೋಕರ್ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.

ಹೊಸ ಪದಗಳು
ಕರಾರು: ಇಬ್ಬರು ಒಪ್ಪಿ ಬರೆದುಕೊಂಡ ಮಾತು
ಋಣಭಾರ ಪತ್ರ: ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟ ಇವೆಯಾ ಎಂದು ತೋರಿಸುವ ಪತ್ರ
ರಸೀದಿ: ಹಣ ಮುಟ್ಟಿತು ಅಂತ ಬರೆದುಕೊಡುವ ಚೀಟಿ

ಉತ್ತರ ಹೇಳಿ
1. ಕೆಂಗೇರಿ ಮನೆಯ ಬಾಡಿಗೆ ಕಡಿಮೆ. ಆದರೂ ಅಲ್ಲಿ ಯಾವ ಎರಡು ಖರ್ಚು ಹೆಚ್ಚು?
2. ಅಡ್ವಾನ್ಸ್ ಆರು ತಿಂಗಳದ್ದು ಮಾತ್ರ ಆದರೆ ವಿಜಯನಗರ ಮನೆಗೆ ಎಷ್ಟು ಕೊಡಬೇಕು? ಆಗ ಸಾಲ ಬೇಕಾಗುತ್ತದೆಯೇ?
3. ನಮ್ಮ ಕುಟುಂಬಕ್ಕೆ ಯಾವ ಮನೆ ಸರಿ? ಗುಂಪಿನಲ್ಲಿ ಮಾತಾಡಿ. ಕಾರಣ ಕೊಡಿ.

ಮಾಡಿ ನೋಡಿ
ನಿಮ್ಮ ಮನೆಯ ಕರೆಂಟ್ ಬಿಲ್ ತನ್ನಿ. ಆರ್‌ಆರ್ ನಂಬರ್ ಹುಡುಕಿ ಬರೆಯಿರಿ. ಬಾಡಿಗೆ ಮನೆಯಾದರೆ ಕರಾರು ಪತ್ರವನ್ನೂ ತನ್ನಿ. ಅಡ್ವಾನ್ಸ್ ವಾಪಸ್ ಕೊಡುವ ವಿಷಯ ಯಾವ ಸಾಲಿನಲ್ಲಿದೆ? ಹುಡುಕಿ, ಎಲ್ಲರಿಗೂ ಕೇಳುವಂತೆ ಜೋರಾಗಿ ಓದಿ.