ಕೆಳದಿ–ಇಕ್ಕೇರಿಗೆ ಒಂದು ದಿನ

ಕೆಳದಿ ನಾಯಕರ ಮೊದಲ ಎರಡು ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ, ಎರಡೂ ಸಾಗರ ಪಟ್ಟಣದ ಮಗ್ಗುಲಲ್ಲೇ ಇವೆ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ.; ಬಸ್ಸಿಗೆ ಬರವಿಲ್ಲ. ಭದ್ರಾವತಿಯವರು ತಾಳಗುಪ್ಪದ ರೈಲು ಹತ್ತಿದರೆ ನೇರವಾಗಿ ಸಾಗರದಲ್ಲೇ ಇಳಿಯಬಹುದು. ದಾರಿಯಲ್ಲಿ ಸಿಗುವ ಅರಸಾಳು ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ನಿಲ್ದಾಣ. ಸಾಗರದಿಂದ ಮುಂದಕ್ಕೆ ಆಟೋ ಗೊತ್ತುಮಾಡಿಕೊಳ್ಳುವುದು ಮೇಲು. ಎರಡೂ ಊರು ಹತ್ತು ಕಿ.ಮೀ. ಒಳಗೇ ಇದ್ದರೂ ದಿಕ್ಕು ಬೇರೆ ಬೇರೆ.

ಬೆಳಗಿನ ಹೊತ್ತು ಇಕ್ಕೇರಿಗೆ ಮೀಸಲಿರಲಿ. ಅಘೋರೇಶ್ವರ ದೇವಾಲಯ ಕಗ್ಗಲ್ಲಿನ ಕಟ್ಟಡ. ಎದುರಿನ ಮಂಟಪದಲ್ಲಿ ಭಾರಿ ನಂದಿ ಕೂತಿದೆ. ಹೆಚ್ಚಿನವರು ನಂದಿಯ ಫೋಟೋ ತೆಗೆದು ಹೊರಟುಬಿಡುತ್ತಾರೆ, ಕಾಲಡಿ ನೋಡುವುದಿಲ್ಲ. ಗರ್ಭಗುಡಿಯ ಎದುರಿನ ನೆಲದಲ್ಲಿ ದೇವರಿಗೆ ನಮಸ್ಕರಿಸುವ ಮೂವರು ನಾಯಕರ ಆಕೃತಿಗಳಿವೆ, ತಲೆಯ ಮೇಲೆ ಹೆಸರುಗಳೂ ಇವೆ. ಅವರಲ್ಲೊಬ್ಬನ ಕೈಕಾಲಿಗೆ ಬೇಡಿ! ಅವನು ಹುಚ್ಚ ಸೋಮಶೇಖರ. ದೊರೆಯೊಬ್ಬ ಹೀಗೆ ಕಲ್ಲಿನಲ್ಲಿ ಉಳಿದಿರುವುದು ಅಪರೂಪ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ಗುಡಿಗಳು ಒಂದೇ ಪ್ರಾಂಗಣದಲ್ಲಿವೆ. ವೀರಭದ್ರ ಗುಡಿಯ ಚಾವಣಿಯ ಗಂಡಭೇರುಂಡ ಕತ್ತು ನೋಯುವಷ್ಟು ಹೊತ್ತು ನೋಡಬೇಕಾದ ಕೆತ್ತನೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡ ಚೆನ್ನಮ್ಮ ಈ ವಂಶದ ರಾಣಿಯೇ.

ಮೂರನೆಯ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ; ಅದನ್ನೂ ಅದೇ ದಿನಕ್ಕೆ ತುರುಕುವುದು ಬೇಡ. ಮಳೆಗಾಲದಲ್ಲಿ ಹಾಸುಗಲ್ಲು ಪಾಚಿಗಟ್ಟಿ ಜಾರುತ್ತದೆ, ಕೊಡೆಗಿಂತ ಮೊದಲು ಹೆಜ್ಜೆಯ ಮೇಲೆ ನಿಗಾ ಬೇಕು.